ಇಷ್ಟು ಮಳೆ ಸುರಿದರೂ ಮಾರ್ಚಿಗೇ ಬಾವಿ ಬತ್ತುವುದೇಕೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಹಳೆಯ ಅಡಿಕೆ ತೋಟ ಇದೆ. ಅದರ ಕೆಳಗಿನ ಒಂದೂವರೆ ಎಕರೆ ಗದ್ದೆಗೆ ಆರು ವರ್ಷದ ಹಿಂದೆ ಅಡಿಕೆ ಸಸಿ ಹಾಕಿದೆವು. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಹಿತ್ತಲ ಬಾವಿಯಲ್ಲಿ ಮೇ ತಿಂಗಳಲ್ಲೂ ಕೊಡ ಮುಳುಗುವಷ್ಟು ನೀರಿರುತ್ತಿತ್ತು. ಈಗ ಮಾರ್ಚ್ ಕೊನೆಗೆ ಪಂಪು ಗಾಳಿ ಎಳೆಯುತ್ತದೆ. ‘ನೀರೆಲ್ಲ ಕರೆಂಟಿಗೆ ಹೋಯ್ತು, ಉಳಿದದ್ದನ್ನ ಅಕೇಶಿಯಾ ಕುಡೀತು’ ಅಂತಾರೆ ನಮ್ಮ ಮಾವನವರು. ಶರಾವತಿ ನೀರು ಬೆಂಗಳೂರಿಗೂ ಹೋದರೆ ನಮ್ಮ ಗತಿ ಏನು ಅಂತ ಊರವರಿಗೆಲ್ಲ ಭಯ. ಪಕ್ಕದ ಎರಡು ಮನೆಯವರು ಬೋರ್ ಹೊಡೆಸಿಯಾಯ್ತು. ನಾವೂ ಹೊಡೆಸೋಣ ಅನ್ನುತ್ತಿದ್ದಾರೆ ಯಜಮಾನರು. ಮನೆ ಖರ್ಚಿನ ನೀರು ಕಡಿಮೆ ಮಾಡಿದರೆ ಸಾಕಾಗುತ್ತದೆಯೇ? ನಿಜವಾಗಿ ನೀರು ಹೋಗುತ್ತಿರುವುದು ಎಲ್ಲಿಗೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ಒಂದು ನಿಮ್ಮ ಬಾವಿಯದು. ಇನ್ನೊಂದು, ಮಲೆನಾಡಿನ ನೀರನ್ನು ಹೊರಗಿನವರು ಒಯ್ಯುತ್ತಿದ್ದಾರೆ ಎಂಬುದು. ಎರಡಕ್ಕೂ ಆಧಾರವಿದೆ, ಆದರೆ ಎರಡನೆಯದು ಮೊದಲನೆಯದಕ್ಕೆ ಕಾರಣವಲ್ಲ. ಈ ತಾಲ್ಲೂಕುಗಳ ಬಾವಿ, ಹಳ್ಳ, ಬೋರ್‌ಗಳನ್ನು ನೋಡಿಕೊಂಡೇ ನನ್ನ ಕೆಲಸದ ವರ್ಷಗಳು ಕಳೆದಿವೆ. ಕಂಡದ್ದನ್ನು ನೇರವಾಗಿ ಹೇಳಿಬಿಡುತ್ತೇನೆ: ನಿಮ್ಮ ಹಿತ್ತಲ ಬಾವಿಯ ಬೇಸಿಗೆ ನೀರು ಬಹುಪಾಲು ಹೋಗುತ್ತಿರುವುದು ನಿಮ್ಮದೇ ಕಣಿವೆಯ ಹೊಸ ತೋಟಗಳಿಗೆ. ಗದ್ದೆಗೆ ಅಡಿಕೆ ಹಾಕಿದ್ದು ತಪ್ಪು ಎಂದು ಇದರ ಅರ್ಥವಲ್ಲ. ಕೂಲಿಗೆ ಜನ ಸಿಗದೆ, ಹಂದಿ-ಮಂಗನ ಕಾಟ ತಡೆಯಲಾರದೆ, ಭತ್ತದಲ್ಲಿ ಅಸಲೂ ಹುಟ್ಟದೆ ಗದ್ದೆ ಬಿಟ್ಟವರ ಕಷ್ಟ ನನಗೆ ಗೊತ್ತು. ಆದರೆ ಕಾರಣ ತಿಳಿಯದೆ ಬೋರ್ ಹೊಡೆಸಿದರೆ ದುಡ್ಡೂ ಹೋಗುತ್ತದೆ, ನೀರೂ ಉಳಿಯುವುದಿಲ್ಲ.

ಮಾವನವರ ಮಾತಿನಿಂದಲೇ ಶುರು ಮಾಡೋಣ. 1948ರಲ್ಲಿ ಹಿರೇಭಾಸ್ಕರದ ಕಟ್ಟೆಯ ನೀರಿನಿಂದ ಜೋಗದ ಬಳಿ ವಿದ್ಯುತ್ ತಯಾರಿ ಆರಂಭವಾಯಿತು. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದರ ಭರ್ತಿ ಮಟ್ಟ 1,819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ. ಹಳೆಯ ಹಿರೇಭಾಸ್ಕರ ಕಟ್ಟೆಯೇ ಅದರೊಳಗೆ ಮುಳುಗಿತು, ಜೊತೆಗೆ ಎಷ್ಟೋ ಊರು, ಗದ್ದೆ, ತೋಟ ಮುಳುಗಿದವು. ನಿಮ್ಮ ಕಡೆಯ ಚಕ್ರಾ, ಸಾವೆಹಕ್ಲು ನೀರನ್ನೂ ಲಿಂಗನಮಕ್ಕಿಗೆ ತಿರುಗಿಸಿದರು. ವಾರಾಹಿಗೆ ಮಾಣಿಯಲ್ಲಿ ಅಣೆಕಟ್ಟು ಕಟ್ಟಿದರು. ಆ ಪೀಳಿಗೆಯವರಿಗೆ ಕರೆಂಟು ಎಂದರೆ ಕಳೆದುಕೊಂಡ ನೆಲ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಟರ್ಬೈನು ನೀರನ್ನು ಮುಗಿಸುವುದಿಲ್ಲ. ಜಲಾಶಯದಲ್ಲಿ ಒಂದಿಷ್ಟು ಆವಿಯಾಗುತ್ತದೆ, ಉಳಿದದ್ದು ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಅಣೆಕಟ್ಟೆಗೆ ಬರುವುದು ನಿಮ್ಮ ಹಳ್ಳ ಬಿಟ್ಟುಕೊಟ್ಟ ನೀರು. ಮೇಲಿನ ಗುಡ್ಡದ ಬಾವಿಯಿಂದ ಅದು ನೀರೆಳೆದುಕೊಳ್ಳಲಾರದು.

ಬೆಂಗಳೂರಿನ ವಿಷಯವೂ ಅಷ್ಟೆ. 2019ರಲ್ಲಿ ಲಿಂಗನಮಕ್ಕಿಯಿಂದ ರಾಜಧಾನಿಗೆ ನೀರು ಒಯ್ಯುವ ಪ್ರಸ್ತಾಪ ಬಂದಾಗ ಇಡೀ ಶಿವಮೊಗ್ಗ ಜಿಲ್ಲೆ ಎದ್ದು ನಿಂತಿತು. ನಾನೂ ಆ ಯೋಜನೆಗೆ ವಿರೋಧಿ. ಅಷ್ಟು ದೂರ, ಅಷ್ಟು ಎತ್ತರಕ್ಕೆ ನೀರೆತ್ತುವ ವಿದ್ಯುತ್ತು, ಕಡಿಯಬೇಕಾದ ಕಾಡು, ಎರಡೂ ಲೆಕ್ಕಕ್ಕೆ ಕೂರುವುದಿಲ್ಲ. ಆದರೆ ಇಲ್ಲಿಯತನಕ ಶರಾವತಿಯ ಒಂದು ಕೊಡ ನೀರೂ ಬೆಂಗಳೂರಿಗೆ ಹೋಗಿಲ್ಲ. ನಿಮ್ಮ ಬಾವಿ ಬತ್ತತೊಡಗಿ ಆಗಲೇ ವರ್ಷಗಳಾದವು.

ಕಾರ್ಖಾನೆ? ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಿಂದ, ಕಾಗದದ ಕಾರ್ಖಾನೆ 1930ರ ದಶಕದಿಂದ ಭದ್ರಾ ನೀರು ಬಳಸಿದವು. ಹೊಳೆಗೆ ಅವುಗಳಿಂದ ಆದ ದೊಡ್ಡ ತೊಂದರೆ ಮರಳಿ ಬಿಟ್ಟ ನೀರಿನ ಗುಣಮಟ್ಟದ್ದು. ಕಾಗದದ ಕಾರ್ಖಾನೆಯಂತೂ ನಿಂತೇ ಹೋಗಿದೆ. ಉದ್ಯಮದ ನೀರಿನ ಬೇಡಿಕೆ ಯಾವಾಗಲೂ ಏರುತ್ತಲೇ ಹೋಗುತ್ತದೆ ಎಂಬುದೂ ನಿಜವಲ್ಲ. ಅಮೆರಿಕದಲ್ಲಿ ನದಿ, ಅಂತರ್ಜಲಗಳಿಂದ ಎತ್ತುವ ಒಟ್ಟು ನೀರು 1980ರ ಸುಮಾರಿಗೆ ಗರಿಷ್ಠ ಮಟ್ಟ ಮುಟ್ಟಿ, ಜನಸಂಖ್ಯೆ ಬೆಳೆದರೂ ಆಮೇಲೆ ಇಳಿಯಿತು. ಉಷ್ಣ ವಿದ್ಯುತ್ ಸ್ಥಾವರಗಳು ತಂಪು ಮಾಡುವ ನೀರನ್ನೇ ಮತ್ತೆ ಮತ್ತೆ ಬಳಸತೊಡಗಿದ್ದು ಮತ್ತು ನೀರಾವರಿ ವಿಧಾನ ಸುಧಾರಿಸಿದ್ದು ಅದಕ್ಕೆ ಮುಖ್ಯ ಕಾರಣ. ನಮ್ಮ ದೇಶದ ಚಿತ್ರ ಬೇರೆ. ಇಲ್ಲಿ ಬಳಸುವ ನೀರಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಕೃಷಿಯದು. ಜಗತ್ತಿನಲ್ಲೇ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶವೂ ನಮ್ಮದೇ.

ಅಕೇಶಿಯಾ ಬಗ್ಗೆ ಮಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬೇಗ ಬೆಳೆಯುವ ಮರ ಹೆಚ್ಚು ನೀರು ಎಳೆಯುತ್ತದೆ, ಹೌದು. ಅದಕ್ಕಿಂತ ದೊಡ್ಡ ನಷ್ಟ ನೆಲದಲ್ಲಾಗುತ್ತದೆ. ಉತ್ತರ ಕನ್ನಡದ ಘಟ್ಟಗಳಲ್ಲಿ ನೀರಿಂಗುವ ವೇಗ ಅಳೆದಾಗ ಸಹಜ ಕಾಡಿನ ನೆಲ ಅಕೇಶಿಯಾ ನೆಡುತೋಪಿಗಿಂತ ಹೆಚ್ಚು ನೀರು ಕುಡಿಯುತ್ತದೆ ಎಂದು ಕಂಡಿತು. ಆದರೆ ದನ ಮೇದು, ಜನ ತುಳಿದು ಗಟ್ಟಿಯಾದ ಬೋಳುಗುಡ್ಡಕ್ಕಿಂತ ನೆಡುತೋಪೇ ವಾಸಿ. ನಿಮ್ಮ ಬಾವಿಯ ಮೇಲಿನ ಕಾನು (ದಟ್ಟ ಸಹಜ ಕಾಡು) ಅಥವಾ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಕಡಿದು ಅಕೇಶಿಯಾ ಬಂದಿದ್ದರೆ ಒರತೆ ಸೊರಗಿದ್ದಕ್ಕೆ ಅದೂ ಒಂದು ಕಾರಣ. ಆದರೆ ಆರು ವರ್ಷಗಳಲ್ಲಿ ಕಂಡ ಈ ಬದಲಾವಣೆ ಅದೊಂದರಿಂದಲೇ ಆದದ್ದಲ್ಲ.

ಇನ್ನು ನಿಮ್ಮ ಗದ್ದೆಗೆ ಬರುತ್ತೇನೆ. ವಿಷಯ ಇರುವುದೇ ಅಲ್ಲಿ.

ಭತ್ತ ನೀರು ಕುಡಿಯುವ ಬೆಳೆ, ಅಡಿಕೆಗೆ ಅಷ್ಟು ನೀರು ಬೇಡ ಎಂದು ಎಲ್ಲರೂ ಹೇಳುತ್ತಾರೆ. ವರ್ಷದ ಒಟ್ಟು ಲೆಕ್ಕದಲ್ಲಿ ಅದು ಸರಿಯೇ. ಒಂದು ಎಕರೆ ಭತ್ತಕ್ಕೆ ಇಂಗುವುದೂ ಸೇರಿ 1,200 ಮಿ.ಮೀ. ನೀರು ಹಿಡಿದರೆ 48 ಲಕ್ಷ ಲೀಟರ್ ಮೀರುತ್ತದೆ. ಆದರೆ ಮಲೆನಾಡಿನ ಮಳೆಗಾಲದ ಭತ್ತ ಆ ನೀರನ್ನು ಬಾವಿಯಿಂದ ಕೇಳುವುದಿಲ್ಲ, ಆಕಾಶದಿಂದ ಪಡೆಯುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಬದು ಕಟ್ಟಿದ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ನಿಂತದ್ದರಲ್ಲಿ ಒಂದು ಪಾಲು ಹಗಲೂ ರಾತ್ರಿ ಇಂಗುತ್ತದೆ. ಕೊಯ್ಲಾದ ಮೇಲೆ ಆ ನೆಲ ಬೇಸಿಗೆಯಿಡೀ ಒಂದು ಹನಿಯನ್ನೂ ಕೇಳುವುದಿಲ್ಲ. ಅಂದರೆ ನಿಮ್ಮ ಗದ್ದೆ ಬೆಳೆಯೂ ಆಗಿತ್ತು, ಬಾವಿಗೆ ನೀರು ತುಂಬುವ ಕೆರೆಯ ಕೆಲಸವನ್ನೂ ಮಾಡುತ್ತಿತ್ತು.

ಅದೇ ಗದ್ದೆಗೆ ಅಡಿಕೆ ಹಾಕುವಾಗ ಮೊದಲು ಮಾಡುವ ಕೆಲಸ ಏನು? ಬದು ಒಡೆದು ಎರಡು-ಮೂರು ಅಡಿ ಆಳದ ಬಸಿಗಾಲುವೆ ತೆಗೆಯುವುದು. ತೆಗೆಯದೆ ವಿಧಿಯಿಲ್ಲ, ನೀರು ನಿಂತರೆ ಅಡಿಕೆಯ ಬೇರು ಕೊಳೆಯುತ್ತದೆ. ಆದರೆ ಪರಿಣಾಮ ನೋಡಿ. ನೀರು ತುಂಬಿಕೊಳ್ಳಬೇಕಾದ ನಾಲ್ಕು ತಿಂಗಳಲ್ಲಿ ಆ ನೆಲ ನೀರನ್ನು ಹಳ್ಳಕ್ಕೆ ಓಡಿಸುತ್ತದೆ. ಡಿಸೆಂಬರ್‌ನಿಂದ ಮೇ ತನಕ ಅದೇ ನೆಲ ನೀರು ಕೇಳುತ್ತದೆ, ಅದೂ ನೆಲದೊಳಗಿನ ಕೂಡಿಟ್ಟ ನೀರನ್ನು. ತುಂಬುವುದು ಕಡಿಮೆಯಾಯಿತು, ಎತ್ತುವುದು ಹೊಸದಾಗಿ ಸೇರಿತು. ವರ್ಷದ ಮೊತ್ತವನ್ನಷ್ಟೇ ನೋಡುವ ಕೃಷಿ-ಉದ್ಯಮ-ಮನೆಬಳಕೆಯ ಕೋಷ್ಟಕಗಳಲ್ಲಿ ಇದು ಕಾಣುವುದೇ ಇಲ್ಲ. ಅಲ್ಲಿ ಭತ್ತದಿಂದ ಅಡಿಕೆಗೆ ಹೋದದ್ದು ನೀರಿನ ಉಳಿತಾಯವಾಗಿಯೇ ತೋರುತ್ತದೆ.

ಲೆಕ್ಕ ಹಾಕಿ ನೋಡೋಣ. ಎರಡೂಮುಕ್ಕಾಲು ಮೀಟರ್ ಅಂತರದಲ್ಲಿ ಒಂದು ಎಕರೆಗೆ ಸುಮಾರು 550 ಅಡಿಕೆ ಮರ ಹಿಡಿಯುತ್ತವೆ. ನಿಮ್ಮ ಹೊಸ ತೋಟದಲ್ಲಿ 825. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸಿನಂತೆ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. 20 ಎಂದೇ ಹಿಡಿದರೆ ದಿನಕ್ಕೆ 16,500 ಲೀಟರ್. ಬುಡಕ್ಕೆ ಪೈಪ್ ಹಿಡಿದು ಒಂದು ಸಲಕ್ಕೆ 175 ಲೀಟರ್‌ನಂತೆ ನಾಲ್ಕೈದು ದಿನಕ್ಕೊಮ್ಮೆ ಬಿಡುವುದಾದರೆ ಸರಾಸರಿ ಅದರ ಇಮ್ಮಡಿ.

ನಿಮ್ಮ ಮನೆಯಲ್ಲಿ ಐದು ಜನ ಎನ್ನೋಣ. ಪಟ್ಟಣದ ಲೆಕ್ಕದಂತೆ ತಲೆಗೆ 135 ಲೀಟರ್ ಕೊಟ್ಟು, ಎರಡು ದನಗಳನ್ನು ಸೇರಿಸಿದರೂ ಒಂದು ಸಾವಿರ ಲೀಟರ್ ದಾಟುವುದಿಲ್ಲ. ಹತ್ತು ಅಡಿ ಅಗಲದ ಬಾವಿಯಲ್ಲಿ ಒಂದು ಅಡಿ ನೀರು ಎಂದರೆ ಸುಮಾರು 2,200 ಲೀಟರ್. ಮನೆಗೆ ಬೇಕಾದದ್ದು ದಿನಕ್ಕೆ ಅರ್ಧ ಅಡಿಗಿಂತ ಕಡಿಮೆ, ಹೊಸ ತೋಟಕ್ಕೆ ಏಳೂವರೆ ಅಡಿ. ಹಾಗಾಗಿ ಬಚ್ಚಲಲ್ಲಿ ಎರಡು ತಂಬಿಗೆ ಉಳಿಸಿದರೆ ಬಾವಿ ಉಳಿಯುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಉಳಿಯುವುದಿಲ್ಲ. ಮನೆಯ ಹೆಂಗಸರು ಆ ಹೊರೆ ಹೊರಬೇಕಾಗಿಲ್ಲ. ಹಗ್ಗ-ರಾಟೆಯ ಕಾಲಕ್ಕಿಂತ ಓವರ್‌ಹೆಡ್ ಟ್ಯಾಂಕ್ ಬಂದ ಮೇಲೆ ಮನೆಬಳಕೆ ಹೆಚ್ಚಿದೆ, ನಿಜ. ಆದರೂ ಗ್ರಾಮೀಣ ಮನೆಗಳಿಗೆ ಜಲಜೀವನ ಮಿಷನ್ ಗುರುತಿಸಿದ ತಲೆಗೆ 55 ಲೀಟರ್ ಲೆಕ್ಕದಲ್ಲಿ, ಸಾವಿರ ಜನರ ಒಂದು ಊರಿನ ದಿನದ ನೀರು ಐದು ಎಕರೆ ಅಡಿಕೆಯ ಹನಿ ನೀರಾವರಿಗೆ ಸಮ.

ನಿಮ್ಮ ಬಾವಿಯಿಂದಲೇ ತೋಟಕ್ಕೆ ಬಿಡದಿದ್ದರೂ ವ್ಯತ್ಯಾಸವಿಲ್ಲ. ನಮ್ಮ ನೆಲ ಮೂರು ಪದರದ್ದು. ಮೇಲೆ ಜಂಬಿಟ್ಟಿಗೆ ಎಂಬ ಕೆಂಪು ಮುರಕಲ್ಲು, ಅದರ ಕೆಳಗೆ ನುಣುಪಾದ ಶೇಡಿ ಮಣ್ಣು, ಅದರಡಿಯಲ್ಲಿ ಬಿರುಕು ಬಿಟ್ಟ ಕರಿಗಲ್ಲು. ತೋಡಿದ ಬಾವಿಗೆ ನೀರು ಕೊಡುವುದು ಜಂಬಿಟ್ಟಿಗೆ. ಅದು ಜರಡಿಯಿದ್ದಂತೆ, ಬೇಗ ತುಂಬುತ್ತದೆ, ಬೇಗ ಸೋರಿಯೂ ಹೋಗುತ್ತದೆ. ಗದ್ದೆಯ ಗುಂಡಿಯಲ್ಲಿ ಪಂಪಿಟ್ಟು ನೀರೆತ್ತಿದರೆ ಮೇಲಿನ ಹಿತ್ತಲ ಬಾವಿಯ ನೀರು ಅತ್ತ ಜಾರುತ್ತದೆ. ಅಕ್ಟೋಬರ್ ಕೊನೆಯ ಮಳೆ, ಏಪ್ರಿಲ್‌ನ ಅಡ್ಡಮಳೆ ಕೈಕೊಟ್ಟ ವರ್ಷವಂತೂ ಬಾವಿ ಇನ್ನೂ ಬೇಗ ತಳ ಕಾಣುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು.

ಇದು ನಿಮ್ಮ ಕಣಿವೆಯೊಂದರ ಕಥೆಯೂ ಅಲ್ಲ. ಭದ್ರಾ ಅಚ್ಚುಕಟ್ಟಿಗೆ ಹೋಗಿ ನೋಡಿ. 1965ರಲ್ಲಿ ಮುಗಿದ ಆ ಜಲಾಶಯದ ನಾಲೆಗಳ ಕೆಳಗೆ ಭತ್ತದ ಜೊತೆಗೇ ಅಡಿಕೆ ತೋಟಗಳು ಹಬ್ಬಿವೆ. ಭತ್ತದವರಿಗೆ ನಾಲೆಯಲ್ಲಿ ನೀರು ಸತತವಾಗಿ ಹರಿಯಬೇಕು. ತೋಟದವರಿಗೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಬೇಸಿಗೆ ಕೊನೆಯತನಕ ಎಳೆದರೆ ಅನುಕೂಲ. ಆ ಬರದ ವರ್ಷ ನೀರು ಬಿಡುವ ‘ಆನ್-ಆಫ್’ ಕ್ರಮದ ಬಗ್ಗೆ ಶಿವಮೊಗ್ಗದವರಿಗೂ ದಾವಣಗೆರೆಯವರಿಗೂ ಜಟಾಪಟಿ ನಡೆದದ್ದು ನಿಮಗೆ ನೆನಪಿರಬಹುದು. ಎರಡೂ ಕಡೆಯವರು ರೈತರೇ, ನೀರೂ ಅದೇ. ಬೇಕಾದ ತಿಂಗಳು, ಬೇಕಾದ ರೀತಿ ಬೇರೆಯಾಯಿತು.

ಮುಂದೇನು ಮಾಡಬಹುದು ಎಂಬುದಕ್ಕೆ ಒಂದು ಧೈರ್ಯದ ಲೆಕ್ಕದಿಂದ ಶುರು ಮಾಡುತ್ತೇನೆ. ವರ್ಷಕ್ಕೆ 3,000 ಮಿ.ಮೀ. ಮಳೆ ಎಂದು ಹಿಡಿದರೆ ನಿಮ್ಮ ಒಂದೂವರೆ ಎಕರೆಯ ಮೇಲೆ ಬೀಳುವ ನೀರು ಸುಮಾರು 180 ಲಕ್ಷ ಲೀಟರ್. ಆ ತೋಟಕ್ಕೆ 150 ದಿನ ಹನಿ ನೀರಾವರಿ ಕೊಡಲು ಬೇಕಾದದ್ದು ಸುಮಾರು 25 ಲಕ್ಷ. ಬಿದ್ದದ್ದರ ಏಳನೇ ಒಂದು ಪಾಲೂ ಅಲ್ಲ.

ನನ್ನ ಮೊದಲ ಸಲಹೆ, ಬೇಡಿಕೆ ತಗ್ಗಿಸಿ. ಜೆಟ್ ಅಥವಾ ಪೈಪಿನಲ್ಲಿ ಬಿಡುತ್ತಿದ್ದರೆ ಹನಿಗೆ ಬನ್ನಿ, ಬುಡಕ್ಕೆ ಸೊಪ್ಪು, ಸೋಗೆ, ಅಡಿಕೆ ಸಿಪ್ಪೆಯ ಮುಚ್ಚಿಗೆ ದಪ್ಪಗೆ ಹಾಕಿ. ನಮ್ಮ ಕಡೆ ಬೋರ್ ನೀರಿನಲ್ಲಿ ಕಬ್ಬಿಣದಂಶ ಇದ್ದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ, ಫಿಲ್ಟರ್ ತೊಳೆಯುವ ಕೆಲಸ ತಪ್ಪಿಸುವಂತಿಲ್ಲ. ಹನಿ ನೀರಾವರಿಯಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಮಾರುವವರು ಹೇಳುವುದಿಲ್ಲ. ಉಳಿದ ನೀರನ್ನು ನೋಡಿ ಮತ್ತೊಂದು ಎಕರೆಗೆ ಸಸಿ ಹಾಕಿದರೆ ಉಳಿತಾಯ ಸೊನ್ನೆ. ಹೀಗೆ ಮಾಡಿಕೊಂಡವರನ್ನು ಪ್ರತಿ ಊರಲ್ಲೂ ಕಂಡಿದ್ದೇನೆ. ಇನ್ನೂ ಗದ್ದೆಯಾಗಿಯೇ ಉಳಿದ ತುಂಡು ನಿಮ್ಮದಾಗಲಿ, ಪಕ್ಕದವರದಾಗಲಿ ಇದ್ದರೆ ಅದನ್ನು ದಯವಿಟ್ಟು ಗದ್ದೆಯಾಗಿಯೇ ಬಿಡಿ. ಬೆಳೆ ಬೆಳೆಯದಿದ್ದರೂ ಸರಿ, ಬದು ಸರಿಮಾಡಿ ಮಳೆಗಾಲದಲ್ಲಿ ನೀರು ನಿಲ್ಲಿಸಿ.

ಎರಡನೆಯದು ಹೊಂಡ. 21 ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳ, ಬದಿಗೆ ಇಳಿಜಾರು ಕೊಟ್ಟರೆ ಹತ್ತು ಲಕ್ಷ ಲೀಟರ್ ಹತ್ತಿರ ಹಿಡಿಯುತ್ತದೆ. ಆವಿಯಾಗುವುದನ್ನು ಕಳೆದರೂ ಹೊಸ ತೋಟಕ್ಕೆ ಸುಮಾರು ಐವತ್ತು ದಿನ, ಅಂದರೆ ಕಷ್ಟದ ಏಪ್ರಿಲ್-ಮೇ ತಿಂಗಳುಗಳ ಬಹುಪಾಲು ಎನ್ನಬಹುದು. ಜಂಬಿಟ್ಟಿಗೆಯಲ್ಲಿ ತೋಡಿದ ಹೊಂಡ ಪ್ಲಾಸ್ಟಿಕ್ ಹಾಳೆ ಹಾಸದೆ ನೀರು ನಿಲ್ಲಿಸುವುದಿಲ್ಲ. ಹಾಳೆ ಹಾಸಿದ ಬದಿ ಜಾರುತ್ತದೆ, ಮಕ್ಕಳಾಗಲಿ ದನವಾಗಲಿ ಬಿದ್ದರೆ ಮೇಲೆ ಹತ್ತಲಾಗದು. ಬೇಲಿ ಮತ್ತು ಒಳಗೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ ಇಲ್ಲದೆ ಹೊಂಡ ಮಾಡಲೇಬೇಡಿ.

ಇಂಗುಗುಂಡಿಯ ಬಗ್ಗೆ ಉತ್ಸಾಹ ಹೆಚ್ಚಿರುವುದರಿಂದ ಎಚ್ಚರಿಕೆಯ ಮಾತು ಹೇಳಲೇಬೇಕು. ಶೇಡಿ ಮಣ್ಣು ನೀರು ಕುಡಿದರೆ ಒಳಗೊಳಗೇ ಕೊರೆದು ಹರಿಯುತ್ತದೆ. 2019ರ ಆಗಸ್ಟ್ ಮಳೆಗೆ ತೀರ್ಥಹಳ್ಳಿ ಕಡೆ ಗುಡ್ಡ ಜಾರಿದ್ದನ್ನು ನೀವು ಕೇಳಿದ್ದೀರಿ. ಕಡಿದಾದ ಗುಡ್ಡದಲ್ಲಿ, ಮನೆಯ ಹಿಂದೆ ಕಡಿದು ನಿಲ್ಲಿಸಿದ ಮಣ್ಣಿನ ಧರೆಯ ನೆತ್ತಿಯ ಮೇಲೆ ಸಾಲಾಗಿ ಗುಂಡಿ, ಅಗಳ ತೋಡಬಾರದು. ಚಾವಣಿಯ ನೀರನ್ನು ಸೋಸಿ ಹಿತ್ತಲ ಬಾವಿಗೇ ಬಿಡುವುದು ಸುರಕ್ಷಿತ. ಸಮತಟ್ಟು ಜಾಗದಲ್ಲಿ, ಮನೆಯಿಂದ ದೂರ ಒಂದೆರಡು ಗುಂಡಿಯೂ ಅಡ್ಡಿಯಿಲ್ಲ. ಬಾವಿಯನ್ನೇ ಇನ್ನಷ್ಟು ಆಳ ತೆಗೆಸುವ ಯೋಚನೆಯಿದ್ದರೆ, ತಳದಲ್ಲಿ ಶೇಡಿ ಬಂದಿದೆಯೇ ನೋಡಿ. ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಕೆಳಗೆ ಹೋದಷ್ಟೂ ನೀರು ಹೆಚ್ಚುವುದಿಲ್ಲ, ಬಾವಿಯೊಳಗೆ ಇಳಿದವರ ಮೇಲೆ ಗೋಡೆ ಕುಸಿಯುವ ಅಪಾಯ ಹೆಚ್ಚುತ್ತದೆ.

ಮಲೆನಾಡಿಗೆ ಅತಿ ಅಗ್ಗದ ಉಪಾಯ ಹಳ್ಳಕ್ಕೆ ಒಡ್ಡು. ನವೆಂಬರಿನಲ್ಲಿ ಹಳ್ಳ ಇನ್ನೂ ಜೀವಂತ ಇರುವಾಗಲೇ ಮಣ್ಣು ತುಂಬಿದ ಚೀಲ ಪೇರಿಸಿ ಕಟ್ಟಬೇಕು. ಜನವರಿಯಲ್ಲಿ ಕಟ್ಟಿದರೆ ಹಿಡಿಯಲು ನೀರೇ ಇರುವುದಿಲ್ಲ. ಮಳೆಗಾಲಕ್ಕೆ ಮುಂಚೆ ತೆಗೆಯಬೇಕು, ಇಲ್ಲವಾದರೆ ದಂಡೆ ಕೊರೆದು ಪಕ್ಕದ ತೋಟ ಹೋಗುತ್ತದೆ. ಹಿಂದೆ ನಿಮ್ಮೂರವರು ಕೂಡಿ ಕಟ್ಟುತ್ತಿದ್ದದ್ದು ಮಾವನವರಿಗೆ ಗೊತ್ತಿರುತ್ತದೆ. ಎಲ್ಲಿ ಕಟ್ಟಿದರೆ ನೀರು ನಿಲ್ಲುತ್ತದೆ ಎಂದು ಅವರನ್ನೇ ಕೇಳಿ. ಕೆಳಗಿನ ಮನೆಯವರಿಗೆ ಕುಡಿಯಲು, ದನಕ್ಕೆ ನೀರು ಹರಿಯುವಷ್ಟು ಜಾಗ ಬಿಟ್ಟೇ ಕಟ್ಟಿ.

ಕೊನೆಗೆ ಬೋರ್. ಹೊಡೆಸಲೇಬಾರದು ಎನ್ನುವವನು ನಾನಲ್ಲ. ಆದರೆ ಬೋರ್ ನೀರು ಬೇರೆ, ಬಾವಿ ನೀರು ಬೇರೆ ಎಂಬ ನಂಬಿಕೆ ಬಿಡಿ. ಕಲ್ಲಿನ ಬಿರುಕಿಗೆ ನೀರು ಇಳಿಯುವುದು ಮೇಲಿನ ಪದರದಿಂದಲೇ. ಮೂರು ಮನೆಯ ಮೂರು ಬೋರ್ ಒಂದೇ ಬಿರುಕನ್ನು ಕುಡಿಯತೊಡಗಿದರೆ ಮೊದಲೆರಡು ವರ್ಷ ಧಾರಾಳ, ಆಮೇಲೆ ಪಂಪನ್ನು ಇಳಿಸುತ್ತಾ ಹೋಗುವುದೇ ಕೆಲಸ. 10 ಎಚ್‌ಪಿ ತನಕ ಕೃಷಿ ಪಂಪಿಗೆ ಕರೆಂಟು ಪುಕ್ಕಟೆ, ಹಾಗಾಗಿ ಎಷ್ಟು ಎತ್ತಿದೆವೆಂಬ ಲೆಕ್ಕ ಯಾರಿಗೂ ಇರುವುದಿಲ್ಲ. ತೆಂಗಿನಕಾಯಿ ಹಿಡಿದು ಜಾಗ ತೋರಿಸುವವರನ್ನು ನಂಬಿ ದುಡ್ಡು ಹಾಕಬೇಡಿ. ಯಂತ್ರದಲ್ಲಿ ಸರ್ವೆ ಮಾಡಿಸಿದರೂ ಒಂದು ಮಾತು ಕೇಳಿ: ಒದ್ದೆ ಶೇಡಿ ಮಣ್ಣು ವಿದ್ಯುತ್ ರೋಧ ಮಾಪನದಲ್ಲಿ ನೀರಿನಂತೆಯೇ ಕಾಣುತ್ತದೆ. ಸುತ್ತಲಿನ ಬೋರ್‌ಗಳಲ್ಲಿ ಎಷ್ಟು ಅಡಿಗೆ ಕಲ್ಲು ಸಿಕ್ಕಿತು, ಎಷ್ಟು ಅಡಿಗೆ ನೀರು ಬಂತು ಎಂದು ತಿಳಿಯದೆ ಯಂತ್ರದ ಗೆರೆಯನ್ನಷ್ಟೇ ನೋಡಿ ಜಾಗ ಹೇಳುವವರ ಮಾತು ಅರ್ಧಕ್ಕೆ ನಿಲ್ಲುತ್ತದೆ.

ಹಾಗಾಗಿ ಈ ಬೇಸಿಗೆ ಬೋರ್ ಗಾಡಿ ಕರೆಸುವ ಮುನ್ನ ಒಂದು ಕೆಲಸ ಮಾಡಿ. ಒಂದು ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ದಿನವೂ ಬೆಳಿಗ್ಗೆ ಪಂಪು ಹಾಕುವ ಮೊದಲು ಬಾವಿಯ ನೀರು ಎಷ್ಟು ಕೆಳಗಿದೆ ಎಂದು ಅಳೆದು ಕ್ಯಾಲೆಂಡರಿನಲ್ಲಿ ಬರೆಯಿರಿ. ಪಕ್ಕದವರು ತೋಟಕ್ಕೆ ನೀರು ಬಿಟ್ಟ ದಿನಗಳನ್ನೂ ಗುರುತಿಸಿ. ಅವರ ಪಂಪು ಓಡಿದ ಮರುದಿನ ನಿಮ್ಮ ಬಾವಿ ಇಳಿಯುತ್ತಿದ್ದರೆ ಮೂರು ಮನೆಯವರೂ ಕುಡಿಯುತ್ತಿರುವುದು ಒಂದೇ ನೀರು. ಆಗ ಮೂರನೆಯ ತೂತು ಕೊರೆಯುವ ದುಡ್ಡಿನಲ್ಲಿ ಮೂರು ಮನೆಯವರೂ ಸೇರಿ ಒಡ್ಡು, ಹೊಂಡ ಮಾಡಿಕೊಂಡು, ಸರದಿಯ ಮೇಲೆ ನೀರು ಬಿಡುವುದೇ ಲೇಸು. ಸಂಬಂಧ ಕಾಣದಿದ್ದರೆ, ಮನೆ ಮತ್ತು ದನಕ್ಕೆ ಮಾತ್ರ ಎಂದು ನಿರ್ಧರಿಸಿ ಒಂದು ಬೋರ್ ಹೊಡೆಸಬಹುದು. ಕೇಸಿಂಗ್ ಪೈಪ್ ಶೇಡಿ ಮಣ್ಣು ದಾಟಿ ಗಟ್ಟಿ ಕಲ್ಲಿನಲ್ಲಿ ಕೂತಿದೆಯೇ ಎಂದು ನಿಂತು ನೋಡಿ. ಅಲ್ಲಿ ಪೈಪಿನ ಖರ್ಚು ಉಳಿಸಲು ಹೋದರೆ ಕೆಸರೂ ಬರುತ್ತದೆ, ಜಂಬಿಟ್ಟಿಗೆಯ ನೀರೂ ಅದೇ ತೂತಿನಲ್ಲಿ ಇಳಿದು ಹಿತ್ತಲ ಬಾವಿ ಇನ್ನೂ ಬೇಗ ಬತ್ತುತ್ತದೆ. ನೀರು ಬಾರದೆ ಹೋದರೆ ಆ ದಿನವೇ ಬಾಯಿಗೆ ಗಟ್ಟಿಯಾದ ಮುಚ್ಚಳ ಬಿಗಿಸಿ, ಗಾಡಿ ಅಂಗಳ ಬಿಡುವ ಮೊದಲೇ.